ಕೋವಿ ಮುರಿದು ಕೊಡು

ನಮ್ಮಜ್ಜನ ಹತ್ತಿರ ಒಂದು ಜೋಡುನಳಿಗೆ ಕೋವಿ ಇತ್ತು. ತೋಟಕ್ಕೆ ನುಗ್ಗುವ ಮಂಗ, ಗದ್ದೆಗಿಳಿಯುವ ಹಂದಿ ಓಡಿಸೋಕೆ ಅಂತ ತಗೊಂಡಿದ್ದ ಲೈಸೆನ್ಸು. ಚುನಾವಣೆ ಬಂತು ಅಂದರೆ ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಪ್ಪಿಸೋರು, ಮುಗಿದ ಮೇಲೆ ಹೋಗಿ ತರೋರು. ತಂದ ದಿನ ಜಗುಲಿ ಮೇಲೆ ಕೂತು ಅದನ್ನ ಮುರಿಯೋರು. ಮುರಿಯೋದು ಅಂದರೆ ಹಾಳು ಮಾಡೋದಲ್ಲ, ಕೀಲು ಬಿಚ್ಚಿದರೆ ಕೋವಿ ಮೊಣಕಾಲಿನ ಹಾಗೆ ಬಾಗುತ್ತೆ, ಅದಕ್ಕೆ ನಮ್ಮ ಕಡೆ ಹಾಗೇ ಹೇಳೋದು. ಎರಡೂ ನಳಿಗೆಗೆ ಕಿರುಬೆರಳು ತೂರಿಸಿ, ಆಮೇಲೆ ಆಕಾಶಕ್ಕೆ ಹಿಡಿದು ಹಿಂದಿನಿಂದ ಇಣುಕೋರು. ಆ ಕಡೆಯ ಬೆಳಕು ಕಾಣಬೇಕು. "ಪೊಲೀಸರೇ ಖಾಲಿ ಅಂತ ಕೊಟ್ಟಿದ್ದಲ್ವಾ ಅಜ್ಜಯ್ಯ?" ಅಂದರೆ, "ಅವರು ನೋಡಿದ್ದು ಅವರ ಕಣ್ಣಲ್ಲಿ" ಅನ್ನೋರು.

ಶೂಟಿಂಗ್ ಸೆಟ್ಟುಗಳಲ್ಲಿ ಅಸಿಸ್ಟೆಂಟ್ ಡೈರೆಕ್ಟರಾಗಿ ಗಂಟಲು ಹರಿದುಕೊಳ್ಳೋದೇ ನನ್ನ ಹೊಟ್ಟೆಪಾಡು. ಹಾಗಾಗಿ 'ರಸ್ಟ್' ಅನ್ನೋ ಅಮೆರಿಕದ ಸಿನಿಮಾ ಸೆಟ್ಟಿನ ಸುದ್ದಿ ಓದುವಾಗ ನನ್ನ ಕಣ್ಣು ಅದರ ಹೀರೋ ಅಲೆಕ್ ಬಾಲ್ಡ್‌ವಿನ್ ಮೇಲೆ ನಿಲ್ಲಲಿಲ್ಲ, ನನ್ನದೇ ಕುರ್ಚಿಯಲ್ಲಿದ್ದವನ ಮೇಲೆ ನಿಂತಿತು. 2021ರ ಅಕ್ಟೋಬರ್ 21, ನ್ಯೂ ಮೆಕ್ಸಿಕೋದ ಸಾಂತಾ ಫೆ ಹತ್ತಿರದ ಒಂದು ರ‍್ಯಾಂಚು. ಮರದ ಚರ್ಚಿನ ಸೆಟ್ಟು. ಟೇಕ್ ಕೂಡ ಅಲ್ಲ, ರಿಹರ್ಸಲ್. ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್ ಡೇವಿಡ್ ಹಾಲ್ಸ್ "ಕೋಲ್ಡ್ ಗನ್" ಅಂತ ಕೂಗಿದರು. ಹಾರುವಂಥದ್ದು ಒಳಗೆ ಏನೂ ಇಲ್ಲ ಅಂತ ಅದರ ಅರ್ಥ. ಬಾಲ್ಡ್‌ವಿನ್ ಕೈಯಲ್ಲಿದ್ದ ರಿವಾಲ್ವರ್‌ನಿಂದ ಅಸಲಿ ಗುಂಡು ಹೊರಟು ಕ್ಯಾಮೆರಾವುಮನ್ ಹಲೀನಾ ಹಚಿನ್ಸ್ ಅವರ ಮೈ ಹಾದು, ಹಿಂದಿದ್ದ ನಿರ್ದೇಶಕ ಜೋಯಲ್ ಸೌಜಾ ಅವರ ಭುಜದಲ್ಲಿ ಹೋಗಿ ನಿಂತಿತು. ಹಲೀನಾಗೆ 42 ವರ್ಷ. ಬದುಕಲಿಲ್ಲ.

ಆ ರಿವಾಲ್ವರ್‌ಗೆ ಆರು ತೋಟಾ ಹಿಡಿಯುತ್ತೆ. ಹಾಲ್ಸ್ ಪೊಲೀಸರಿಗೆ ಹೇಳಿದ್ದು, ಮೂರನ್ನು ನೋಡಿದ ನೆನಪಿದೆ ಅಂತ.

ಈ ಸಾಲು ಓದಿ ನಾನು ಫೋನ್ ಕೆಳಗಿಟ್ಟೆ. ಯಾಕಂದರೆ ಆ ಮೂರು ನನಗೆ ಗೊತ್ತು. ಬೆಳಕು ಹೋಗ್ತಿದೆ, ಕೇಟರಿಂಗ್‌ನವರು ಊಟ ಆರುತ್ತೆ ಅಂತಿದಾರೆ, ಮ್ಯಾನೇಜರ್ ಗಡಿಯಾರ ನೋಡ್ತಿದಾನೆ. ಮೂರು ನೋಡಿದ ಮೇಲೆ ಉಳಿದ ಮೂರೂ ಹಾಗೇ ಇರುತ್ತೆ ಬಿಡು ಅನ್ಸುತ್ತೆ.

ಡಮ್ಮಿ ತೋಟಾ ಅಂದರೆ ಏನು ಅಂತ ಹೊರಗಿನವರಿಗೆ ಅಷ್ಟು ಗೊತ್ತಿರಲ್ಲ. ರಿವಾಲ್ವರನ್ನು ಎದುರಿಂದ ತೋರಿಸುವಾಗ ಮುಂದಿನ ಗೂಡುಗಳಲ್ಲಿ ಗುಂಡಿನ ತುದಿ ಕಾಣುತ್ತೆ, ಖಾಲಿ ಬಿಟ್ಟರೆ ಪ್ರೇಕ್ಷಕನಿಗೆ ಗೊತ್ತಾಗುತ್ತೆ. ಅದಕ್ಕೇ ನೋಡೋಕೆ ಥೇಟ್ ಅಸಲಿಯಂತಿರೋ ಡಮ್ಮಿ ತುಂಬ್ತಾರೆ. ಒಳಗೆ ಮದ್ದಿನ ಬದಲು ಒಂದು ಪುಟ್ಟ ಲೋಹದ ಗೋಲಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಲಿಗಿಲಿ ಅನ್ನಬೇಕು. ಕೆಲವಕ್ಕೆ ಪಕ್ಕದಲ್ಲಿ ತೂತು ಕೊರೆದಿರ್ತಾರೆ. ಸದ್ದಿಲ್ಲ, ತೂತಿಲ್ಲ ಅಂದರೆ ಅದನ್ನ ತುಂಬಕೂಡದು. ಆರು ತೋಟಾ ಅಲ್ಲಾಡಿಸೋಕೆ ಒಂದು ನಿಮಿಷವೂ ಬೇಡ. ಆಮೇಲೆ ಆ ಸೆಟ್ಟಿನಲ್ಲಿ ಹಾರಿದ್ದೂ ಸೇರಿ ಆರು ಅಸಲಿ ತೋಟಾ ಸಿಕ್ಕವು. ಅಸಲಿ ಮದ್ದುಗುಂಡು ಸೆಟ್ಟಿಗೆ ಬರಲೇಕೂಡದು ಅನ್ನೋದು ಅಲ್ಲಿನ ಉದ್ಯಮದ ಮೊದಲ ಸೇಫ್ಟಿ ಬುಲೆಟಿನ್‌ನಲ್ಲೇ ಇರೋ ಮಾತು. ಐದು ದಿನ ಮುಂಚೆ ಅದೇ ಸೆಟ್ಟಿನಲ್ಲಿ ಎರಡು ಸಲ ಕೋವಿ ಕೈತಪ್ಪಿ ಈಡಾಗಿತ್ತು. ಹಲೀನಾ ಸತ್ತ ದಿನ ಬೆಳಗ್ಗೆಯೇ ಕ್ಯಾಮೆರಾ ತಂಡದ ಕೆಲವರು ಸುರಕ್ಷತೆ, ವಸತಿಯ ತಕರಾರಿಗೆ ಗಂಟುಮೂಟೆ ಕಟ್ಟಿ ಹೊರಟಿದ್ದರು. ಇದಕ್ಕಿಂತ ಜೋರಾಗಿ ಇನ್ನು ಯಾವ ಹಲ್ಲಿ ಲೊಚಗುಟ್ಟಬೇಕಿತ್ತೋ.

ಕೋವಿ ಉಸ್ತುವಾರಿ ಹೊತ್ತಿದ್ದ ಹ್ಯಾನಾ ಗುಟಿಯೆರೆಜ್ ರೀಡ್‌ಗೆ 2024ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ಬಾಲ್ಡ್‌ವಿನ್ ಕೇಸು ಅದೇ ವರ್ಷ ಜುಲೈನಲ್ಲಿ, ಸರ್ಕಾರಿ ವಕೀಲರ ಕಡೆಯವರು ಸಾಕ್ಷ್ಯ ಮುಚ್ಚಿಟ್ಟರು ಅನ್ನೋ ಕಾರಣಕ್ಕೆ ಬಿದ್ದುಹೋಯಿತು. ನಟನೇನು ಬಂದೂಕಿನ ತಜ್ಞನಾ ಅಂತ ಅಲ್ಲಿನ ನಟರ ಸಂಘ ಹೇಳಿತು. ತಜ್ಞನಲ್ಲ, ಒಪ್ಪಿದೆ. ಆದರೆ ನೋಡೋಕೆ ತಜ್ಞನೇ ಆಗಬೇಕಾ? ನಮ್ಮಜ್ಜಿ ಜನ್ಮದಲ್ಲಿ ಒಂದು ಈಡು ಹೊಡೆದವಳಲ್ಲ. ಕೋವಿಯನ್ನ ಒಳಕೋಣೆಗೆ ಇಡೋಕೆ ಕೊಟ್ಟರೆ "ಮುರಿದು ಕೊಡಿ" ಅನ್ನೋಳು, ತಾನೂ ಇಣುಕೋಳು. ಇನ್ನು ರಿಹರ್ಸಲ್‌ಗೆ ನಿಜವಾದ ರಿವಾಲ್ವರ್ ಯಾಕೆ ಬೇಕಿತ್ತು ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಫ್ರೇಮು ನೋಡೋಕೆ ರಬ್ಬರ್‌ದು ಸಾಕಿತ್ತು.

ಬ್ಲ್ಯಾಂಕು, ಅಂದರೆ ಗುಂಡಿಲ್ಲದೆ ಬರೀ ಮದ್ದಿರೋ ತೋಟಾ ತಾನೇ ಅನ್ನೋರಿಗೆ ಒಂದು ಮಾತು. 1984ರಲ್ಲಿ ಜಾನ್ ಎರಿಕ್ ಹೆಕ್ಸಮ್ ಅನ್ನೋ ನಟ ತಮಾಷೆಗೆ ಬ್ಲ್ಯಾಂಕ್ ತುಂಬಿದ ಗನ್ನನ್ನ ತನ್ನ ಕಣತಲೆಗೇ ಇಟ್ಟು ಒತ್ತಿ ಸತ್ತ. ಗುಂಡಿಲ್ಲದಿದ್ದರೂ ಮದ್ದಿನ ಹೊಡೆತ ಇರುತ್ತಲ್ಲ.

ನಮ್ಮಲ್ಲಿ ಇದೆಲ್ಲ ಆಗಲ್ಲ ಅಂತೀರಾ? 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿ ಗುಡಿ' ಶೂಟಿಂಗಿಗೆ ನಟರಾದ ಅನಿಲ್, ಉದಯ್ ಲೈಫ್ ಜಾಕೆಟ್ ಇಲ್ಲದೆ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿ ಮುಳುಗಿ ಸತ್ತಿದ್ದು ನೆನಪಿದೆಯಲ್ಲ. ಅಲ್ಲಿ ಕೋವಿ ಇರಲಿಲ್ಲ ಅಷ್ಟೆ. "ಏನೂ ಆಗಲ್ಲ ಬಿಡಿ ಸಾರ್" ಅನ್ನೋ ನಮ್ಮ ಮಾತಿಗೂ ಆ "ಕೋಲ್ಡ್ ಗನ್"ಗೂ ಭಾಷೆ ಮಾತ್ರ ಬೇರೆ.

ಹಿಂದೊಂದು ವೆಬ್ ಸೀರೀಸಿಗೆ ಎಸ್ಟೇಟೊಂದರಲ್ಲಿ ಶೂಟ್ ಮಾಡ್ತಿದ್ವಿ. ಮರದ ಕೋವಿ ಮರದ ಕೋವಿಯಂತೆಯೇ ಕಾಣುತ್ತೆ ಅಂತ ಪ್ರೊಡಕ್ಷನ್ ಹುಡುಗ ಪಕ್ಕದ ತೋಟದಿಂದ ಅಸಲಿಯನ್ನೇ ತಂದುಬಿಟ್ಟ. ಲೈಸೆನ್ಸ್ ಇರೋರದ್ದನ್ನ ಹೀಗೆ ಕಂಡವರ ಕೈಗೆ ಕೊಡೋದೇ ತಪ್ಪು, ಅದು ಬೇರೆ ಮಾತು. ಹೀರೋ ಆಗಲೇ ಅದನ್ನ ಕ್ಯಾಮೆರಾ ಕಡೆ ಹಿಡಿದು ಪೋಸು ಕೊಡ್ತಿದ್ದ. ಇಸ್ಕೊಂಡು ಮುರಿದೆ. ಎರಡೂ ನಳಿಗೆ ಖಾಲಿ. ಹುಡುಗನಿಗೆ ಮುಖ ಕೆಂಪಾಯ್ತು. "ಏನ್ ಸಾರ್, ನನ್ನ ಮೇಲೆ ನಂಬಿಕೆ ಇಲ್ವಾ?" ನೀನು ನೋಡಿದ್ಯಾ ಅಂದೆ. ಇಲ್ಲ, ತೋಟದವರು ಹೇಳಿದ್ರು ಅಂದ. ಅಲ್ಲಿದ್ದ ಹದಿನಾಲ್ಕು ಜನರಲ್ಲಿ ನೋಡಿದವರು ಒಬ್ಬರೂ ಇರಲಿಲ್ಲ.

ಕೋವಿ ವಾಪಸ್ ಹೋಯ್ತು, ಮರದ್ದರಲ್ಲೇ ಮುಗಿಸಿದ್ವಿ. ಆ ಎಪಿಸೋಡಿನ ಕೆಳಗೆ ಯಾರೋ "ಕೋವಿ ಯಾವ ಜಾತ್ರೇಲಿ ತಗೊಂಡಿದ್ದು ಗುರೂ?" ಅಂತ ಕಮೆಂಟ್ ಹಾಕಿದಾರೆ. ಅದಕ್ಕೆ ಬಿದ್ದ ಮೊದಲ ಲೈಕು ನನ್ನದೇ.