ಮಾತೋಷ್‌ನ ಎದುರಾಳಿಯನ್ನೂ ಸ್ವಲ್ಪ ಓದೋಣ

ಜಾಗ್ರೆಬ್‌ನ ಹಳೇ ಊರಿನ ಎತ್ತರದಲ್ಲಿ ಒಂದು ಬೆಂಚಿದೆ. ಅದರ ಮೇಲೆ ಲೋಹದ ಮನುಷ್ಯನೊಬ್ಬ ಆರಾಮಾಗಿ ಕೂತಿದ್ದಾನೆ. ಪ್ರವಾಸಿಗರು ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವನೇ ಕ್ರೊಯೇಷಿಯಾದ ಲೇಖಕ ಆಂತುನ್ ಗುಸ್ತಾವ್ ಮಾತೋಷ್. ಸೈನ್ಯದಿಂದ ತಲೆತಪ್ಪಿಸಿಕೊಂಡು ಬೆಲ್‌ಗ್ರೇಡ್, ಜಿನೀವಾ, ಪ್ಯಾರಿಸ್ ಸುತ್ತಿದವನು, 1914ರಲ್ಲಿ ನಲವತ್ತಕ್ಕೇ ತೀರಿಕೊಂಡವನು. ಇಂಥ ಬದುಕು, ಮೇಲೆ ಅಂಥ ಗದ್ಯ. ಕ್ರೊಯೇಷಿಯಾದ ನವೋದಯಕ್ಕೆ, ಅಂದರೆ ಅವರು 'ಮೊಡೆರ್ನಾ' ಅನ್ನುವ ಕಾಲಕ್ಕೆ, ಅವನೇ ಮುಖವಾಗಿದ್ದು ಸಹಜವೇ.

ಆದರೆ ಅವನು ಯಾರ ಮೇಲೆ ಹರಿಹಾಯುತ್ತಿದ್ದ? ಅವರಲ್ಲಿ ಒಬ್ಬ, ವಿಮರ್ಶಕ ಮಿಲಾನ್ ಮಾರ್ಯಾನೊವಿಚ್. ಕಸ್ತಾವ್ ಎಂಬ ಊರಿನಲ್ಲಿ 1879ರಲ್ಲಿ ಹುಟ್ಟಿದವನು. ನನ್ನ ತಕರಾರು ಇಷ್ಟೇ: ಮಾತೋಷ್ ಆ ಕಾಲಕ್ಕೆ ಕಿವಿಯಾದರೆ, ಮಾರ್ಯಾನೊವಿಚ್ ಕಣ್ಣು. ನಾವು ಕಿವಿಯನ್ನು ಮಾತ್ರ ಹೊಗಳುತ್ತಾ ಬಂದಿದ್ದೇವೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1895ರ ಅಕ್ಟೋಬರ್. ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಜಾಗ್ರೆಬ್‌ಗೆ ಬಂದಿದ್ದಾನೆ, ಹೊಸ ರಂಗಮಂದಿರದ ಉದ್ಘಾಟನೆ. ಕ್ರೊಯೇಷಿಯಾ ಆಗ ಅವನ ಸಾಮ್ರಾಜ್ಯದೊಳಗೆ ಹಂಗೇರಿಯ ಹಿಡಿತದಲ್ಲಿತ್ತು. ಊರಿಗೆಲ್ಲಾ ತೋರಣ. ಆಗಲೇ ಒಂದಿಷ್ಟು ಹುಡುಗರು ಯೆಲಾಚಿಚ್ ಚೌಕದಲ್ಲಿ ಹಂಗೇರಿಯ ಬಾವುಟಕ್ಕೆ ಬೆಂಕಿ ಇಟ್ಟರು. ಜೈಲಾಯಿತು, ವಿಶ್ವವಿದ್ಯಾಲಯದಿಂದ ಹೊರಗೂ ಹಾಕಿದರು. ಕೆಲವರು ಪ್ರಾಗ್‌ಗೆ ಹೋಗಿ ತತ್ವಶಾಸ್ತ್ರದ ಪ್ರಾಧ್ಯಾಪಕ ಮಸಾರಿಕ್‌ನ ಪಾಠ ಕೇಳಿದರು, ಕೆಲವರು ವಿಯೆನ್ನಾ ಸೇರಿದರು. ಪ್ರಾಗ್‌ನವರಿಗೆ ಸಾಹಿತ್ಯ ಜನರ ಬದುಕಿಗೆ ಅಂಟಿಕೊಂಡಿರಬೇಕು. ವಿಯೆನ್ನಾದವರಿಗೆ ಕಲೆಯ ಸ್ವಾತಂತ್ರ್ಯವೇ ಮೊದಲು. ಆಗ ಇನ್ನೂ ಶಾಲೆಯ ವಯಸ್ಸಿನಲ್ಲಿದ್ದ ಮಾರ್ಯಾನೊವಿಚ್ ಬೆಳೆಯುತ್ತಾ ನಿಂತಿದ್ದು ಪ್ರಾಗ್‌ನವರ ಕಡೆಗೆ.

1906ರಲ್ಲಿ ಅವನು ಶೆನೋವಾ ನಂತರದ ಕಾಲು ಶತಮಾನದ ಸಾಹಿತ್ಯದ ಬಗ್ಗೆ ಪುಸ್ತಕ ಬರೆದ. ಶೆನೋವಾ ಅಂದರೆ ಕ್ರೊಯೇಷಿಯಾದ ಕಾದಂಬರಿ ಪರಂಪರೆಯ ಹಿರಿಯ, 1881ರಲ್ಲಿ ತೀರಿಕೊಂಡವನು. ಮಾರ್ಯಾನೊವಿಚ್ ಲೇಖಕರಿಗೆ ಅಂಕ ಕೊಡುತ್ತಾ ಕೂರಲಿಲ್ಲ. ಈ ಬರಹ ಎಂಥ ಸಮಾಜದಿಂದ ಬಂತು, ಯಾಕೆ ಈಗಲೇ ಬಂತು ಅಂತ ಕೇಳಿದ. ಇವತ್ತು ಇದು ಮಾಮೂಲಿ ಪ್ರಶ್ನೆ. ಆಗ ಹಾಗಿರಲಿಲ್ಲ.

ಮಾತೋಷ್‌ಗೆ ಇದೆಲ್ಲಾ ರೇಜಿಗೆ. ಅವನಿಗೆ ವಾಕ್ಯ ಮುಖ್ಯ, ಶೈಲಿ ಮುಖ್ಯ. ಸರಿ, ಆದರೆ ಆ ಕಿವಿಯೂ ತಪ್ಪುತ್ತಿತ್ತು. ಕಾಮೊವ್ ಎಂಬ ಇಪ್ಪತ್ತರ ಹುಡುಗ 1907ರಲ್ಲಿ ಕೆರಳಿದ ಕವಿತೆಗಳನ್ನು ತಂದಾಗ ಮಾತೋಷ್ ಅವನನ್ನು ಹೀಯಾಳಿಸಿ ಬರೆದ. ಹುಡುಗ ಮೂರು ವರ್ಷಕ್ಕೆ ಬಾರ್ಸಿಲೋನಾದಲ್ಲಿ ಸತ್ತ. ಅವನ ಕಾದಂಬರಿ ಅಚ್ಚಾಗಿದ್ದು 1950ರ ದಶಕದಲ್ಲಿ. ಈಗ ಅದು ಅವರ ಆಧುನಿಕ ಕಾದಂಬರಿಗಳ ಮೊದಲ ಸಾಲಿನಲ್ಲಿದೆ!

ಹಾಗಂತ ಮಾರ್ಯಾನೊವಿಚ್‌ನನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಜಾಸ್ತಿ ಬರೆದ, ಪತ್ರಿಕೆಯವರ ಅವಸರದಲ್ಲಿ ಬರೆದ. ಅವನ ವಾಕ್ಯ ನೆನಪಲ್ಲಿ ಉಳಿಯುವುದಿಲ್ಲ. ಬರಬರುತ್ತಾ ಎಲ್ಲದರಲ್ಲೂ ರಾಷ್ಟ್ರವೇ ಕಾಣತೊಡಗಿತು. ಮೊದಲ ಮಹಾಯುದ್ಧದ ಹೊತ್ತಿಗೆ ಯುಗೊಸ್ಲಾವ್ ಒಕ್ಕೂಟದ, ಅಂದರೆ ದಕ್ಷಿಣದ ಸ್ಲಾವ್ ಜನರೆಲ್ಲಾ ಸೇರಿ ಒಂದೇ ದೇಶವಾಗಬೇಕು ಅನ್ನುವ ಕನಸಿನ ಪರವಾಗಿ ಅಮೆರಿಕದಲ್ಲಿ ಪ್ರಚಾರಕ್ಕಿಳಿದ. 1915ರಲ್ಲಿ ಶಿಲ್ಪಿ ಮೆಷ್ಟ್ರೊವಿಚ್ ಬಗ್ಗೆ ಬರೆದ ಪುಸ್ತಕದ ಹೆಸರಲ್ಲೇ 'ಯುಗೊಸ್ಲಾವ್ ಪ್ರತಿಭೆ' ಇದೆ. ವಿಮರ್ಶಕ ಅಲ್ಲಿ ರಜೆ ಹಾಕಿದ್ದ ಅನ್ನಬೇಕು. ಮುಂದೆ ಯುಗೊಸ್ಲಾವಿಯಾ ದೇಶವೇ ಒಡೆದುಹೋದ ಮೇಲೆ ಅವನ ಕನಸಿಗೆ ವಾರಸುದಾರರು ಎಲ್ಲಿಂದ ಬರಬೇಕು? ಬರಹವೂ ಅದರ ಜೊತೆಗೇ ಮೂಲೆ ಸೇರಿತು ಅಂತ ನನ್ನ ಗುಮಾನಿ.

(ಯುದ್ಧದ ನಂತರ ಇದೇ ಮನುಷ್ಯ ವೈದ್ಯ ಆಂದ್ರಿಯಾ ಷ್ಟಾಂಪರ್‌ನ ಸಾರ್ವಜನಿಕ ಆರೋಗ್ಯ ಶಾಲೆಗೆ ಸಾಕ್ಷ್ಯಚಿತ್ರ ಮಾಡಿದ. ಸುಮ್ನೆ ಕೂರುವ ಜಾಯಮಾನವೇ ಅಲ್ಲ.)

1951ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮೊಡೆರ್ನಾ ಕಾಲದ ವಿಮರ್ಶೆಗಳನ್ನು ಆಯ್ದು ಎರಡು ಸಂಪುಟ ತಂದ. ಜಗಳದಲ್ಲಿದ್ದವನೇ ಜಗಳದ ಕಡತ ಕಟ್ಟಿದರೆ ಅನುಮಾನ ಬರುತ್ತದೆ, ಅಲ್ವಾ? ಬರಲಿ. ಅನುಮಾನ ಇಟ್ಟುಕೊಂಡೇ ಓದಬಹುದು. ಮಾತೋಷ್‌ನ ಪ್ರಬಂಧಗಳಷ್ಟನ್ನೇ ಓದಿದರೆ ಆ ಜಗಳದಲ್ಲಿ ಒಬ್ಬನ ಮಾತು ಮಾತ್ರ ಕೇಳಿಸುತ್ತದೆ, ಅದೂ ತುಂಬಾ ಚೆನ್ನಾಗಿ ಮಾತಾಡುವವನದು.