ಸತ್ಯಾಂಶ: ಮಂಗನ ಕಾಯಿಲೆ ರೋಗಿಯಿಂದ ಅಂಟುತ್ತದೆಯೇ?

‘ಮಂಗನ ಕಾಯಿಲೆ ಬಂದವರ ಮನೆ ಕಡೆ ಹೋಗಬೇಡಿ, ಕೆಮ್ಮಿದರೂ ಅಂಟುತ್ತದೆ’ ಎಂಬ ಮಾತು ಶಿರಸಿ, ಸಿದ್ದಾಪುರದ ಕಡೆ ಮೊಬೈಲಿಂದ ಮೊಬೈಲಿಗೆ ದಾಟುತ್ತಿರುತ್ತದೆ. ಇದು ತಪ್ಪು. ಈ ಕಾಯಿಲೆ ತರುವ ವೈರಸ್ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ರೋಗವಿದು. ಇದನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳ. ಅದರ ಮರಿ ಸಾಸಿವೆ ಕಾಳಿನಷ್ಟೂ ಇರುವುದಿಲ್ಲ. ಬೆಟ್ಟದಲ್ಲಿ ತರಗೆಲೆ ಗುಡಿಸುವಾಗ ಮೊಣಕಾಲ ಹಿಂದೆ ಕಚ್ಚಿಕೊಂಡರೂ ಗೊತ್ತೇ ಆಗದು. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ನೆಲಕ್ಕಿಳಿಯುತ್ತವೆ. ಆ ಜಾಗಕ್ಕೆ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿ, ಬಂದಮೇಲೆ ಬಿಸಿನೀರು, ಸೋಪಿನ ಸ್ನಾನ ಮಾಡಿ.

ಜ್ವರದಲ್ಲಿ ನರಳುವವರನ್ನು ಒಂಟಿಯಾಗಿ ಬಿಡುವುದು ನೋವಿನ ಸಂಗತಿ. ಪಕ್ಕದಲ್ಲಿ ಕೂತು ಗಂಜಿ ಕುಡಿಸಿ, ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ.