ಗೇಟಿನ ಬೋರ್ಡು, ಆ್ಯಪಿನ ಫೀಸು

ಪುಣೆಗೆ ಬಂದು ಆರು ವರ್ಷ ಆಯಿತು, ಇದು ಮೂರನೇ ಬಾಡಿಗೆ ಮನೆ. ಮೊದಲ ಸಲ ಮರಾಠಿಯೂ ಬರುತ್ತಿರಲಿಲ್ಲ, ಪರಿಚಯದವರೂ ಇರಲಿಲ್ಲ, ಸುಮ್ನೆ ಬ್ರೋಕರ್ ಇಲ್ಲದೆ ನೇರ ಓನರ್ ನಂಬರು ಕೊಡ್ತೀವಿ ಅನ್ನುವ ಒಂದು ಆ್ಯಪಿಗೆ ಮೂರು ಸಾವಿರ ಚಿಲ್ಲರೆ ಕಟ್ಟಿದೆ. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಸಿಕ್ಕಿದ್ದು ಒಂದಷ್ಟು ಫೋನ್ ನಂಬರು. ಅರ್ಧ ಮನೆಗಳು ಆಗಲೇ ಹೋಗಿದ್ದವು, ನಾಲ್ಕು ಕಡೆ ಫೋನ್ ಎತ್ತಿದವನು ಓನರೇ ಅಲ್ಲ, ಬ್ರೋಕರ್! ಬ್ರೋಕರಿಗೆ ಕೊಡುವ ಒಂದು ತಿಂಗಳ ಬಾಡಿಗೆ ಉಳಿಸಲು ಹೋಗಿ ಎರಡೂ ಕಡೆ ಕೊಟ್ಟಿದ್ದಾಯಿತು.

ನಮ್ಮ ತುಮಕೂರಿನಲ್ಲಿ ಈ ರಗಳೆ ಕಡಿಮೆ. ಎಸ್‌ಐಟಿ ಬಡಾವಣೆಯ ನಮ್ಮ ಮನೆಯ ಮಹಡಿ ಖಾಲಿಯಾದರೆ ಅಪ್ಪ ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಅಂತ ಬೋರ್ಡು ಕಟ್ಟುತ್ತಾರೆ, ಎದುರಿನ ಅಂಗಡಿಯಲ್ಲಿ ಒಂದು ಮಾತು ಹಾಕುತ್ತಾರೆ, ಅಷ್ಟೇ.

ಆದರೆ ಬಂದವರಿಗೆ ಅಪ್ಪನ ಮೊದಲ ಪ್ರಶ್ನೆ ‘ಎಲ್ಲಿ ಕೆಲಸ?’, ಎರಡನೆಯದು ‘ನೀವು ಯಾವ ಜನ?’. ನನ್ನ ಜೊತೆ ಓದಿದ ಗೆಳೆಯನಿಗೆ ನಮ್ಮೂರಿನ ಹತ್ತಿರದ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಆರು ಬೋರ್ಡು ನೋಡಿದ, ಆರು ಕಡೆಯೂ ಅವನ ಹೆಸರು ಕೇಳಿದ ಮೇಲೆ ‘ನಮ್ಮ ನೆಂಟರೇ ಬರ್ತಾರಂತೆ’ ಅಂದರು. ಅವನು ಕೊನೆಗೆ ಮನೆ ಹಿಡಿದಿದ್ದು ಆ್ಯಪಿನಲ್ಲಿ, ಫೀಸು ಕಟ್ಟಿ. ಪುಣೆಯವರೇನೂ ದೊಡ್ಡ ಮನಸ್ಸಿನವರಲ್ಲ ಬಿಡಿ, ‘ಫ್ಯಾಮಿಲಿ ಮಾತ್ರ’, ‘ವೆಜ್ ಮಾತ್ರ’ ಅಂತ ಅವರೂ ಹಾಕಿರುತ್ತಾರೆ, ಆದರೆ ಅದು ಮೊಬೈಲಿನಲ್ಲೇ ಕಾಣುತ್ತದೆ, ಹೊಸ್ತಿಲ ತನಕ ಹೋಗಿ ಮುಖ ಸಪ್ಪಗೆ ಮಾಡಿಕೊಂಡು ಬರುವುದು ತಪ್ಪುತ್ತದೆ, ಅಲ್ವಾ?

ಇನ್ನು ಕಾಗದಪತ್ರ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಅಂದರೆ ಇಂತಿಷ್ಟು ಕಾಲ ಮನೆಯಲ್ಲಿರಲು ಓನರ್ ಕೊಡುವ ಅನುಮತಿ) ಬರಹದಲ್ಲಿರಬೇಕು, ನೋಂದಣಿ ಆಗಲೇಬೇಕು, ಅದರ ಹೊಣೆ ಓನರಿನದು. ಈ ಸಲ ಒಬ್ಬ ಹುಡುಗ ಮನೆಗೇ ಬಂದು ನೋಂದಣಿಗೆ ಬೆರಳ ಗುರುತು ತೆಗೆದುಕೊಂಡು ಹೋದ. ಅವನಿಗೆ ಕೊಟ್ಟ ದುಡ್ಡಿಗೆ ನನಗೆ ಬೇಜಾರಿಲ್ಲ. ಊರಿನಲ್ಲಿ 11 ತಿಂಗಳ ಅಗ್ರಿಮೆಂಟು, ಯಾಕೆಂದರೆ ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ, ಬರೀ ಬಾಯಿಮಾತು. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ ಏನು ತೋರಿಸಿ ಕೇಳುತ್ತೀರಿ?

ಹಾಗಾಗಿ ನಂಬರಿಗೆ ಇನ್ನು ದುಡ್ಡು ಕೊಡಲ್ಲ, ಕರಾರಿಗೆ ಕೊಡುತ್ತೇನೆ.

ಈಗ ನಮ್ಮ ಮಹಡಿ ಮತ್ತೆ ಖಾಲಿ ಇದೆ. ‘ಅಪ್ಪಾ, ಈ ಸಲ ಆ ಎರಡನೇ ಪ್ರಶ್ನೆ ಕೇಳಬೇಡಿ’ ಅಂದೆ. ‘ನೋಡೋಣ’ ಅಂದರು. ಅಮ್ಮ ಹಿಂದಿನಿಂದ ನಕ್ಕಿದ್ದು ಫೋನಿನಲ್ಲೇ ಕೇಳಿಸಿತು.